ಮಡಚುವ ಫೋನಿಗೆ ಮಣೂಕದ ಪರೀಕ್ಷೆ

ದೀಪಾವಳಿಗೆ ಮೊದಲು ಟ್ರಂಕಿನ ಅರಿವೆಗಳನ್ನೆಲ್ಲ ಬಿಸಿಲಿಗೆ ಹಾಕುವುದು ನನ್ನ ಪದ್ಧತಿ. ಈ ಸಲ ಹಾಗೆ ಜಾಡಿಸುವಾಗ ಒಂದು ಸೀರೆಯ ಮಡಿಕೆಯೊಳಗಿಂದ ನಮ್ಮ ಹಳೆಯ ಮಡಚುವ ಫೋನು ಜಾರಿ ಅಂಗಳಕ್ಕೆ ಬಿತ್ತು. ಬಿದ್ದ ಹೊಡೆತಕ್ಕೆ ಬಾಯಿ ತೆರೆದುಕೊಂಡಿತು. ಒಳಗಿನ ಗುಂಡಿಗಳೆಲ್ಲ ಹಲ್ಲು ಕಿರಿದು ನಕ್ಕ ಹಾಗೆ ಕಂಡವು.

ಮೊಮ್ಮಗಳು ಸೃಷ್ಟಿ ಓಡಿ ಬಂದು ಎತ್ತಿಕೊಂಡಳು. ಐದನೆಯ ಇಯತ್ತೆ ಓದುವ ಹುಡುಗಿ. ಗಾಜಿನ ಮೇಲೆ ಬೆರಳು ಸರಿಸಿ ನೋಡಿದಳು. ಏನೂ ಆಗಲಿಲ್ಲ, ಆಗುವುದೂ ಇಲ್ಲ. ಅದರ ಬ್ಯಾಟರಿ ಉಬ್ಬಿ ಎಷ್ಟೋ ವರ್ಷವಾಯಿತು. ಅವಳ ಅಪ್ಪನಿಗೆ ಹೊಸ ಫೋನು ಕೊಳ್ಳುವ ಮೊದಲು, ಆ ಫೋನಿನ ಗುಣಾವಗುಣಗಳನ್ನು ಯಾರೋ ಬಿಡಿಸಿ ಬಿಡಿಸಿ ಹೇಳುವ ವಿಡಿಯೋಗಳನ್ನು ವಾರಗಟ್ಟಲೆ ನೋಡುವ ಚಟ. ಪಕ್ಕದಲ್ಲಿ ಕೂತು ಕೂತು ಇವಳಿಗೂ ಅದು ಹತ್ತಿದೆ. ನಡುವಿನ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

"ಆಯಿ, ಇದರ ಕ್ಯಾಮರಾ ಹೆಂಗಿತ್ತು? ಖರೇ ಹೇಳಬೇಕು ನೋಡು."

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಈ ಆಯಿ, ಅಂದರೆ ನಾನು, ನಕ್ಕು ಮುಂದಿನ ಸೀರೆ ಜಾಡಿಸಿದೆ. ಯಾಕೆಂದರೆ ಅದು ಚಲೋ ಇತ್ತು, ಕೆಟ್ಟಿತ್ತು ಎಂದು ಒಂದು ಮಾತಿನಲ್ಲಿ ಮುಗಿಸುವ ವಿಷಯವಲ್ಲ. ಆ ಕ್ಯಾಮರಾ ಖರೇ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎನ್ನುವುದರ ಮೇಲೆ ಒಂದು ದಿನ ಒಂದು ಕೂಸಿನ ಜೀವ ನಿಂತಿತ್ತು. ಆ ಕೂಸು ಈಗ ನಡುವಿನ ಮೇಲೆ ಕೈ ಇಟ್ಟು ನಿಂತ ಇದೇ ಧಡೂತಿ ಸೃಷ್ಟಿ. ಅವಳಿಗೆ ಹೇಳಿದರೆ ಮತ್ತಷ್ಟು ಜಂಬ ಬರುತ್ತದೆ. ಅದಕ್ಕೆ ನಿಮಗೆ ಹೇಳುತ್ತೇನೆ, ಕೇಳಿರಿ.

ಮೊದಲು ಫೋನಿನ ಗುಣಗಾನ ಮಾಡಬೇಕಲ್ಲ. ನನ್ನ ಮಗ ಮಾರುತಿ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಹೆಂಡತಿ ಸುನೀತಾ ಬಸುರಿಯಾದ ವರ್ಷ ನಿಪ್ಪಾಣಿಗೆ ಹೋಗಿ ಇದನ್ನು ತಂದ. ಆಗ ನಮ್ಮ ಐಗಳಿಯಲ್ಲಿ ಬಹಳ ಮಂದಿಯ ಕೈಯಲ್ಲಿ ಇದ್ದದ್ದು ಸೋಪಿನ ತುಂಡಿನಂಥ ಸಾದಾ ಫೋನು. ಇದು ಹಾಗಲ್ಲ. ಸುಣ್ಣದ ಡಬ್ಬಿಯ ಹಾಗೆ ತೆರೆಯುತ್ತಿತ್ತು, ಟಪ್ಪೆಂದು ಮುಚ್ಚುತ್ತಿತ್ತು. ಮುಚ್ಚಿದ ಮೇಲೂ ಹೊರಗೆ ಒಂದು ಪುಟ್ಟ ಕಿಟಕಿಯಲ್ಲಿ ಗಡಿಯಾರ ಕಾಣುತ್ತಿತ್ತು. ರೇಡಿಯೋ ಇತ್ತು, ಆದರೆ ಕಿವಿಗೆ ವಾಯರು ಸಿಕ್ಕಿಸದೆ ಹಾಡುತ್ತಿರಲಿಲ್ಲ. ನಾನು ಅದನ್ನು ಸಿಕ್ಕಿಸಿಕೊಂಡು ಶೆಡ್ಡಿನಲ್ಲಿ ಕೂತರೆ ಕೆಲಸದ ಹೆಂಗಸರು, ಈಕೆಗೆ ಏನೋ ಸಲೈನು ಹಚ್ಚ್ಯಾರ ಎಂದು ನಗುತ್ತಿದ್ದರು.

ಅದರ ಎಲ್ಲ ಗುಣಗಳಲ್ಲಿ ನನಗೆ ಬಹಳ ಸೇರಿದ್ದು ಮುಚ್ಚುವ ಗುಣ. ಮಾತು ಮುಗಿಯಿತೋ, ಟಪ್. ಗುಂಡಿ ಹುಡುಕುವ ತಾಪತ್ರಯ ಇಲ್ಲ. ಆದರೆ ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಫೋನಿನ ಶಾಲೆಗಂತೂ ಹೋದವಳೇ ಅಲ್ಲ. ನನ್ನ ಮಾತು ಮುಗಿದರೆ ಎಲ್ಲರ ಮಾತೂ ಮುಗಿಯಿತು ಎಂದು ತಿಳಿದು ಮುಚ್ಚಿಬಿಡುತ್ತಿದ್ದೆ. ಆ ಕಡೆಯವರು ಇನ್ನೂ ಬಾಯಿ ತೆರೆಯುತ್ತಿರುತ್ತಿದ್ದರು. ರಾಯಬಾಗದ ನನ್ನ ತಂಗಿ ಒಂದು ತಿಂಗಳು ಸಿಟ್ಟಾಗಿದ್ದಳು. ಅವಳ ಮಂಡಿನೋವಿನ ಸುದ್ದಿ ಕೇಳಲಿಕ್ಕೆ ಫೋನು ಮಾಡಿದ ನಾನು, ನನ್ನ ಮಂಡಿನೋವು ಹೇಳಿ ಮುಚ್ಚಿದ್ದೆ.

ಇನ್ನು ಕ್ಯಾಮರಾ. ಕ್ಯಾಮರಾದ ಮೇಲೆ ನನಗೆ ಸಣ್ಣವಳಿದ್ದಾಗಿನಿಂದ ವಿಶ್ವಾಸ ಕಡಿಮೆ. ನನ್ನ ತವರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು. ನಮ್ಮ ಓಣಿಗೆ ಒಮ್ಮೆ ಫೋಟೋದವನು ಮೂರು ಕಾಲಿನ ಪೆಟ್ಟಿಗೆ ಹೊತ್ತು ಬಂದ. ಅವ್ವ ನಮ್ಮೈದು ಮಂದಿಯ ತಲೆಗೆ ಎಣ್ಣೆ ಸುರಿದು ಸಾಲಾಗಿ ನಿಲ್ಲಿಸಿದಳು. ಆತ ಕರಿ ಅರಿವೆಯೊಳಗೆ ತಲೆ ತೂರಿಸಿದ. ಒಳಗೆ ಅವನು ಏನು ತಿನ್ನುತ್ತಿದ್ದಾನೆ ಎಂದು ನೋಡುವ ಆಸೆಗೆ ನಾನು ಬಗ್ಗಿದೆ. ಫೋಟೋ ಬಂದಾಗ ನಾಲ್ವರಿಗೆ ಮುಖ ಇತ್ತು, ನನ್ನ ಜಾಗದಲ್ಲಿ ಒಲೆಯ ಹೊಗೆಯಂಥದ್ದೇನೋ ಇತ್ತು. ಅವ್ವ ಬಂದವರಿಗೆಲ್ಲ ಅದನ್ನು ತೋರಿಸಿ, ಇವು ನಾಲ್ಕು ನನ್ನ ಮಕ್ಕಳು, ಇದು ಇವಳ ಬುದ್ಧಿ ಎನ್ನುತ್ತಿದ್ದಳು. ನನ್ನ ಬಾಲ್ಯಕ್ಕೆ ಇರುವ ಫೋಟೋ ಅದೊಂದೇ.

ಮದುವೆಯಾಗಿ ಐಗಳಿಗೆ ಬಂದೆ. ಇಲ್ಲಿ ನಮ್ಮದು ಎರಡು ಎಕರೆ ದ್ರಾಕ್ಷಿ. ಮಾಘದ ಹೊತ್ತಿಗೆ ಗೊನೆ ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಬಲೆಯ ಅಟ್ಟಣೆಗಳ ಮೇಲೆ ಹರವುತ್ತೇವೆ. ಹದಿನೈದು ದಿನ ನೆರಳಿನಲ್ಲಿ ಒಣಗಿ ಮಣೂಕ ಆಗುತ್ತದೆ. ಪೇಟೆಯಲ್ಲಿ ಒಣದ್ರಾಕ್ಷಿ ಅನ್ನುತ್ತಾರಲ್ಲ, ಅದೇ. ಆಮೇಲೆ ಬಣ್ಣ ನೋಡಿ ಬೇರೆ ಮಾಡಬೇಕು. ಹಸಿರು ಒಂದು ಗುಡ್ಡೆ, ಜೇನುಬಣ್ಣದ್ದು ಒಂದು ಗುಡ್ಡೆ, ಕಂದು ಒಂದು ಗುಡ್ಡೆ. ಒಂದು ಬಣ್ಣದಲ್ಲಿ ಇನ್ನೊಂದು ಬೆರೆತರೆ ವ್ಯಾಪಾರಿ ಮೂಗು ಮುರಿಯುತ್ತಾನೆ. ಈ ಕೆಲಸ ನನ್ನ ಅತ್ತೆ ಕಲಿಸಿದಳು. ಅವಳ ಮೊದಲ ಪಾಠ, ಕೆಳಗೆ ಬಿಳಿ ಧೋತರ ಹಾಸಬೇಕು. ಧೋತರ ಬಿಳಿಯಾಗಿ ಕಾಣುವ ಬೆಳಕಿದ್ದರೆ ಮಾತ್ರ ಕಾಳಿನ ಬಣ್ಣ ನಂಬಬೇಕು. ಧೋತರವೇ ಹಳದಿ ಕಂಡರೆ ಅದು ಬೆಳಕಿನ ಮೋಸ, ಎದ್ದು ಹೋಗಬೇಕು. ಈ ಒಂದು ವಿದ್ಯೆಯಲ್ಲಿ ನನ್ನನ್ನು ಯಾರೂ ನಾಪಾಸು ಮಾಡಲಾರರು.

ಸುನೀತಾ ಚೊಚ್ಚಲ ಹೆರಿಗೆಗೆ ತವರಿಗೆ, ಬೇಡಕಿಹಾಳಕ್ಕೆ ಹೋಗಿದ್ದಳು. ನಮ್ಮ ಕೊಯ್ಲಿನ ನಡುವೆಯೇ ಕೂಸು ಹುಟ್ಟಿತು, ಹೆಣ್ಣು ಎಂದು ಸುದ್ದಿ ಬಂತು. ನಾನು ಶೆಡ್ಡಿನಲ್ಲಿದ್ದ ಹೆಂಗಸರಿಗೆಲ್ಲ ಪೇಢೆ ಹಂಚಿ, ನನ್ನ ಪಾಲಿನದನ್ನೂ ಹಂಚಿ, ಕೊನೆಗೆ ಸಕ್ಕರೆ ತಿಂದೆ. ಆದರೆ ಹೋಗುವಂತಿರಲಿಲ್ಲ. ಹನ್ನೆರಡನೆಯ ದಿನ ಬೀಗರು ಕೂಡಿ ತೊಟ್ಟಿಲಿಗೆ ಹಾಕುವ ತನಕ ಗಂಡಿನ ಮನೆಯ ಹಿರಿಯಳು ಕೂಸಿನ ಮುಖ ನೋಡಬಾರದು ಎಂಬುದು ನಮ್ಮ ಮನೆತನದ ಕಟ್ಟು. ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ. ಅವಳಿಗೂ ಗೊತ್ತಿರಲಿಲ್ಲ.

ಮಾರುತಿ ಹೋಗಿ ಬಂದ. ನಾಲ್ಕನೆಯ ದಿನ ಹೋಗಿ, ಐದನೆಯ ದಿನ ಬೆಳಿಗ್ಗೆ ಶೆಡ್ಡಿಗೇ ನೇರ ಬಂದು ಫೋನು ತೆರೆದು ಹಿಡಿದ. ತೊಟ್ಟಿಲಿಗೆ ಮೊದಲು ಮುಖ ನೋಡಬಾರದು, ನಿಜ. ಆದರೆ ಫೋಟೋದ ಮಾತನ್ನು ಆ ಕಟ್ಟಿನಲ್ಲಿ ಯಾರೂ ಸೇರಿಸಿರಲಿಲ್ಲ. ನಾನು ಕೈ ಒರೆಸಿಕೊಂಡು ನೋಡಿದೆ.

ಬೆಂಕಿಪೆಟ್ಟಿಗೆಯಷ್ಟು ಪರದೆ. ಅದರೊಳಗೆ ಬಿಳಿ ಅರಿವೆಯ ಗಂಟು, ಗಂಟಿನ ಬಾಯಲ್ಲಿ ಒಂದು ಮುಖ. ಕಣ್ಣು ಯಾವುದು ಮೂಗು ಯಾವುದು ಎಂದು ಮಾರುತಿ ಬೆರಳಿಟ್ಟು ತೋರಿಸಬೇಕಾಯಿತು. ಬೆರಳಿಟ್ಟರೆ ಮುಖ ಪೂರ್ತಿ ಮುಚ್ಚುತ್ತಿತ್ತು. ಹಿಗ್ಗಿನಿಂದ ನನ್ನ ಎದೆ ಒಡೆಯುವುದೊಂದು ಬಾಕಿ. ಹಣೆ ನಮ್ಮದು, ಗದ್ದ ನಮ್ಮದು, ಕಾಣದ ಕಿವಿಯೂ ನಮ್ಮದೇ ಎಂದು ಎಲ್ಲರಿಗೂ ತೋರಿಸಿದೆ. ಎಷ್ಟನೆಯ ಸಲವೋ ನೋಡುವಾಗ ಕೈ ನಿಂತಿತು. ಕೂಸಿನ ಮುಖ ಜೇನುಬಣ್ಣದ ಗುಡ್ಡೆಗೆ ಸೇರುವಂಥದ್ದಿತ್ತು.

"ಮಾರುತಿ, ಕೂಸು ಹಳದಿ ಐತೇನೋ?"

ಇಲ್ಲವೆಂದ. ಇದು ಹೆಸರಿಗೆ ಕ್ಯಾಮರಾ, ಬಣ್ಣ ಗಿಣ್ಣ ಇದಕ್ಕೆ ಬರುವುದಿಲ್ಲ ಎಂದ. ಮೂರು ದಿನದ ಹಿಂದೆ ಇದೇ ಕ್ಯಾಮರಾವನ್ನು ಹೊಗಳಿ ಹೊಗಳಿ ಅದಕ್ಕೆ ಹಾರ ಹಾಕುವುದೊಂದು ಉಳಿದಿತ್ತು, ಈಗ ತಾನೇ ಬೈಯುತ್ತಿದ್ದಾನೆ. ನೀನು ಕಣ್ಣಾರೆ ನೋಡಿದೆಯಲ್ಲ, ಬಣ್ಣ ಹೇಗಿತ್ತು ಎಂದರೆ, ಬಾಣಂತಿ ಕೋಣೆ ಕತ್ತಲೆ, ಕೂಸೆಂದರೆ ಕೂಸಿನ ಹಾಗೇ ಇತ್ತು ಎಂದ. ಗಂಡಸರ ಕಣ್ಣು. ಬಾಣಂತಿಗೆ ಗಾಳಿ ಬೆಳಕು ತಾಗಬಾರದೆಂದು ನಮ್ಮಲ್ಲಿ ಕಿಟಕಿಗೆ ಕಂಬಳಿ ಬಿಗಿಯುತ್ತಾರೆ. ಅದರೊಳಗೆ ಹಸಿರು ಕೂಸು ಹುಟ್ಟಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಈ ಫೋಟೋ ಮಾತ್ರ, ಸೂಲಗಿತ್ತಿ ನೀರು ಹಾಕಲು ಕೂಸನ್ನು ಹೊರಗೆ ತಂದಾಗ ಬಾಗಿಲಲ್ಲಿ ತೆಗೆದದ್ದು.

ಅಂದರೆ ಕೂಸನ್ನು ಹಗಲಿನಲ್ಲಿ ಸರಿಯಾಗಿ ನೋಡಿದ್ದು ಈ ಫೋನೊಂದೇ. ಇದು ಖರೇ ಹೇಳುವುದೋ ಸುಳ್ಳು ಹೇಳುವುದೋ? ಅದನ್ನು ಗೊತ್ತು ಮಾಡುವ ದಾರಿ ನನಗೆ ಒಂದೇ ತಿಳಿದಿತ್ತು. ಧೋತರ ಹಾಸಿದೆ.

ಮೂರು ಮುಷ್ಟಿ ಮಣೂಕ ಇಟ್ಟೆ, ಹಸಿರು, ಜೇನು, ಕಂದು. ಫೋಟೋ ತೆಗೆ ಅಂದೆ. ಮಾರುತಿ ನನ್ನನ್ನು ನೋಡಿದ ರೀತಿಗೆ, ತಾಯಿಗೆ ಬಿಸಿಲು ಹತ್ತಿದೆ ಎಂದುಕೊಂಡಿದ್ದಾನೆಂಬುದು ಸ್ಪಷ್ಟವಿತ್ತು. ಆದರೂ ತೆಗೆದ. ಶೆಡ್ಡಿನ ಬಾಗಿಲಲ್ಲಿ ತೆಗೆಸಿದೆ, ಒಳಗೆ ತೆಗೆಸಿದೆ, ಮನೆಗೆ ಹೋಗಿ ಗುಂಡು ಬಲ್ಬಿನ ಕೆಳಗೆ ತೆಗೆಸಿದೆ. ಬಲ್ಬಿನ ಕೆಳಗೆ ಎಲ್ಲವೂ ಹಳದಿ ಬಂತು, ಧೋತರವೂ ಹಳದಿ. ಮಾರುತಿ ಗೆದ್ದವನ ಹಾಗೆ, ನೋಡು ನಾ ಹೇಳಲಿಲ್ಲವೇ ಎಂದ. ನಾನು ಫೋನಿನಲ್ಲಿ ಕೂಸಿನ ಫೋಟೋ ಮತ್ತೆ ತೆರೆಸಿ ತೋರಿಸಿದೆ. ಸುತ್ತಿದ ಅರಿವೆ ಮಲ್ಲಿಗೆಯಷ್ಟು ಬಿಳಿ.

ಬಾಗಿಲ ಬೆಳಕಿನ ಫೋಟೋವನ್ನೂ ಗುಡ್ಡೆಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಗುಡ್ಡೆಯಲ್ಲಿ ಹಸಿರಾಗಿದ್ದದ್ದು ಫೋನಿನಲ್ಲಿ ಬೂದಿ ಹತ್ತಿದ ಹಾಗೆ. ಗುಡ್ಡೆಯಲ್ಲಿ ಥಳಥಳ ಜೇನು, ಫೋನಿನಲ್ಲಿ ಸಪ್ಪೆ ಮಜ್ಜಿಗೆ. ಈ ಕ್ಯಾಮರಾ ಇದ್ದ ಬಣ್ಣವನ್ನು ಕದಿಯುತ್ತದೆಯೇ ಹೊರತು ಇಲ್ಲದ ಬಣ್ಣವನ್ನು ತನ್ನ ಕೈಯಿಂದ ಹಾಕುವುದಿಲ್ಲ. ಇಷ್ಟು ಕದ್ದ ಮೇಲೂ ಕೂಸು ಇಷ್ಟು ಹಳದಿ ಕಾಣುತ್ತದೆಯೆಂದರೆ, ಅಲ್ಲಿ ಅದು ಇನ್ನೆಷ್ಟು ಹಳದಿ ಇರಬೇಕು.

ಮಾರುತಿಗೆ ಹೇಳಿದೆ. ಈ ಸಲ ಅವನು ನಗಲಿಲ್ಲ. ಫೋನಿನೊಳಗಿನ ಕೂಸನ್ನು ಗುಡ್ಡೆಯ ಹತ್ತಿರ ಹಿಡಿದು ಹಿಡಿದು ನೋಡಿದ. ಕಡೆಗೆ ತಾನೇ ಬೇಡಕಿಹಾಳಕ್ಕೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

ನನ್ನ ಬೀಗತಿ ಶಾಂತಾಬಾಯಿ, ಸುನೀತಾಳ ತಾಯಿ, ಬಹಳ ಒಳ್ಳೆಯ ಹೆಂಗಸು. ಆದರೆ ಬಾಣಂತನದ ಮಾತಿನಲ್ಲಿ ಯಾರೂ ತನಗೆ ಹೇಳಬಾರದು ಎನ್ನುವವಳು. ಕೂಸು ಹಳದಿ ಕಾಣುತ್ತದೆ ಎಂದೆ. ಆಕೆ ತಡಮಾಡದೆ ಉತ್ತರ ಕೊಟ್ಟಳು.

"ಅಗಬಾಯಿ, ಅರಿಶಿಣ ಹಚ್ಚಿ ಎರಿಯಾಕತ್ತೇವ್ರಿ. ಹಳದಿ ಕಾಣದ ಮತ್ತೇನ ಕೆಂಪ ಕಂಡೀತೇನ್ರಿ?"

"ಅರಿಶಿಣ ಕಣ್ಣಿನ ಬಿಳಿಗೆ ಹತ್ತಂಗಿಲ್ರಿ, ಬೀಗತಿ. ಕೂಸಿನ್ನ ಬಿಸಿಲಿಗೆ ತರ್ರಿ. ರೆಪ್ಪಿ ಎತ್ತಿ ಬಿಳಿ ನೋಡ್ರಿ. ಹಳದಿ ಇತ್ತಂದ್ರ ನನ್ನ ಬೈಕೋತನ ಆಗ್ಲಿ, ದವಾಖಾನಿಗೆ ಒಯ್ರಿ."

ಹೇಳಿದೆ, ಟಪ್ಪೆಂದು ಮುಚ್ಚಿದೆ.

ಮುಚ್ಚಿದ ಮೇಲೆ ಹೊಳೆಯಿತು, ಆಕೆ ಏನೆಂದಳೋ ಕೇಳಲೇ ಇಲ್ಲವೆಂದು. ಮತ್ತೆ ಹಚ್ಚು ಎಂದೆ. ಫೋನು ಮೂರು ಸಲ ಕುಂಯ್‌ಗುಟ್ಟಿ ಕಣ್ಣು ಮುಚ್ಚಿತು. ಮಣೂಕದ ಫೋಟೋ ತೆಗೆಸಿ ತೆಗೆಸಿ ಅದರ ಬ್ಯಾಟರಿ ನಾನೇ ತಿಂದಿದ್ದೆ. ಅಷ್ಟರಲ್ಲಿ ಕರೆಂಟು ಹೋಗಿತ್ತು, ಮತ್ತೆ ಬರುವುದು ಮಧ್ಯಾಹ್ನದ ಮೇಲೆ. ಬೀಗತಿ ಖಂಡಿತ ಸಿಟ್ಟಾಗಿದ್ದಾಳೆ, ಕೂಸನ್ನು ಹೊರಗೆ ತರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮಾರುತಿಗೆ ಪಾಳಿ ಇತ್ತು. ನೀ ಮುಂದ ನಡಿ, ನಾ ರಜಾ ಹೇಳಿ ಹಿಂದ ಬರ್ತೀನಿ ಎಂದ. ಮಣೂಕವನ್ನು ಹೆಂಗಸರಿಗೆ ಒಪ್ಪಿಸಿ, ಉಟ್ಟ ಸೀರೆಯಲ್ಲೇ ಹೊರಟೆ. ಮನೆತನದ ಕಟ್ಟು ಹನ್ನೆರಡನೆಯ ದಿನ ಎನ್ನುತ್ತಿತ್ತು. ನಾನು ಐದಕ್ಕೇ ಮುರಿದೆ.

ಅಥಣಿಯಿಂದ ಚಿಕ್ಕೋಡಿ ಬಸ್ಸು. ನನ್ನ ಪಕ್ಕ ಕೂತ ಹೆಂಗಸು ಎಲ್ಲಿಗೆ ಎಂದಳು. ಮೊಮ್ಮಗಳನ್ನು ನೋಡಲಿಕ್ಕೆ ಎಂದೆ. ಎಷ್ಟು ಖುಷಿಯ ಸುದ್ದಿ ಎಂದು ಆಕೆ ತನ್ನ ಮೊಮ್ಮಕ್ಕಳ ಪುರಾಣ ತೆಗೆದಳು. ಹೂಂ ಎನ್ನುತ್ತ ಹೊಲಗಳ ಕಡೆ ಮುಖ ತಿರುಗಿಸಿಕೊಂಡೆ. ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಣಗಿದ ಕಬ್ಬಿನ ಗರಿ ಹಳದಿ, ಶಾಲೆಯ ಗೋಡೆ ಹಳದಿ, ಕಂಡಕ್ಟರನ ಹಲ್ಲೂ ಹಳದಿ. ಚಿಕ್ಕೋಡಿ ನಿಲ್ದಾಣದಲ್ಲಿ ಇಳಿದು, ಬೇಡಕಿಹಾಳದ ಬಸ್ಸಿಗೆ ಒಂದು ತಾಸು ಕಾದೆ. ಆ ಒಂದು ತಾಸಿನ ಮಾತನ್ನು ಬೀಗತಿ ಇವತ್ತಿಗೂ ಬಂದವರ ಮುಂದೆ ಹೇಳಿ ನಗುತ್ತಾಳೆ, ಯಾಕೆಂದು ಈಗ ಗೊತ್ತಾಗುತ್ತದೆ.

ಬೇಡಕಿಹಾಳದಲ್ಲಿ ಬೀಗರ ಮನೆಗೆ ಬೀಗ ಬಿದ್ದಿತ್ತು. ಬಾಣಂತಿಯ ಮನೆಗೆ ಬೀಗ. ಕಟ್ಟೆಯ ಮೇಲೆ ಕೂತೆ. ಎದುರು ಮನೆಯ ಮುದುಕಿ ಗೋಧಿ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿ, ಸಗಳೇ ಚಿಕ್ಕೋಡಿಲಾ ಗೇಲೇ ಎಂದಳು. ನಿಪ್ಪಾಣಿಯ ಹುಡುಗಿಗೆ ಮರಾಠಿ ತಿಳಿಯದೇ? ಎಲ್ಲರೂ ಚಿಕ್ಕೋಡಿಗೆ ಹೋಗಿದ್ದಾರೆ. ಯಾಕೆ ಎಂದೆ. ಬೆಳಿಗ್ಗೆ ಯಾರೋ ಬೀಗತಿ ಫೋನಿನಲ್ಲಿ ಚೆನ್ನಾಗಿ ಬೈದಳಂತೆ, ಕೂಸಿನ ಕಣ್ಣು ನೋಡಿದರಂತೆ, ನೋಡಿದ್ದೇ ಜೀಪು ಮಾಡಿಕೊಂಡು ದವಾಖಾನೆಗೆ ಓಡಿದರಂತೆ. ಹೇಳಿ, ನೀವ್ಯಾರು ಎಂದು ಕೇಳಿದಳು. ಬೈದವಳು ಎಂದೆ.

ಮತ್ತೆ ಚಿಕ್ಕೋಡಿ. ನಾನು ಬಸ್ಸಿಗೆ ಕಾದ ನಿಲ್ದಾಣದಿಂದ ಎರಡು ಓಣಿ ಆಚೆಗಿತ್ತು ಆ ದವಾಖಾನೆ. ಮೆಟ್ಟಿಲ ಮೇಲೆ ಶಾಂತಾಬಾಯಿ ಕೂತಿದ್ದಳು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದಳು.

"ನಾ ಹೂಂ ಅಂದದ್ದು ಕೇಳಾಕರೆ ನಿಲ್ಲಬಾರದೇನ್ರಿ? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡೀರಿ. ಕಣ್ಣು ನೋಡಿದೆ ಬೀಗತಿ, ಅರಿಶಿಣ ಕಲಸಿಟ್ಟಂಗ ಇತ್ತು. ನನ್ನ ಕೈಯಾಗ ಐದು ದಿನ ಇತ್ರಿ ಕೂಸು. ನನಗ ಕಾಣಲಿಲ್ಲ."

ಕಂಬಳಿ ಬಿಗಿದ ಕೋಣೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ, ನನ್ನ ಮನೆಯಲ್ಲಾಗಿದ್ದರೆ ನಾನೂ ಅದೇ ಕಂಬಳಿ ಬಿಗಿಯುತ್ತಿದ್ದೆ ಎಂದೆ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ಖರೇನೇ. ಬೀಗತಿಯರಿಬ್ಬರೂ ಮೆಟ್ಟಿಲ ಮೇಲೆ ಕೂತು ಅತ್ತು ಮುಗಿಸಿ, ಆಕೆ ತಂದಿದ್ದ ರೊಟ್ಟಿ ತಿಂದೆವು.

ಕೂಸನ್ನು ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕಣ್ಣಿಗೆ ಪಟ್ಟಿ, ಮೈಮೇಲೆ ಲಂಗೋಟಿಯಷ್ಟು ಅರಿವೆ. ನಾನು ಗಾಜಿನ ಆಚೆಯಿಂದ ನೋಡಿದೆ. ನೀಲಿ ಬೆಳಕಿನಲ್ಲಿ ನನ್ನ ವಿದ್ಯೆ ಎಲ್ಲ ಮಣ್ಣುಪಾಲು. ಹಳದಿ ಇದೆಯೋ ಹೋಯಿತೋ ಯಾರಿಗೆ ಗೊತ್ತು. ಡಾಕ್ಟರಬಾಯಿಯನ್ನು ಬಾಗಿಲಿಗೆ ಬಂದಾಗಲೆಲ್ಲ ಕೇಳಿದೆ. ಕಾಮಾಲೆ ಏರಿತ್ತು, ಸರಿಯಾದ ವೇಳೆಗೆ ತಂದಿರಿ, ಬೆಳಕಿನಿಂದ ಇಳಿಯುತ್ತದೆ ಎಂದಳು. ಇನ್ನೆರಡು ದಿನ ಮನೆಯಲ್ಲಿ ಇಟ್ಟುಕೊಂಡಿದ್ದರೆ ಎಂದು ಮಾರುತಿ ಕೇಳಿದ. ಅಷ್ಟರಲ್ಲಿ ಅವನೂ ಬೇಡಕಿಹಾಳ ಮುಟ್ಟಿ, ಕೇಳಿಕೊಂಡು ಇಲ್ಲಿಗೆ ಬಂದಿದ್ದ. ಡಾಕ್ಟರಬಾಯಿ ಕೂಸಿನ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ತಂದಿರಲ್ಲ, ಅದನ್ನು ನೋಡಿರಿ ಎಂದಳು.

ಎರಡು ದಿನ ನಾವು ಬೀಗತಿಯರು ಆ ವರಾಂಡದಲ್ಲಿ ಕೂತೆವು. ಇಷ್ಟು ವರ್ಷ ಹಬ್ಬಕ್ಕೆ ಹರಿದಿನಕ್ಕೆ ಸೀರೆ ಕೊಟ್ಟು ಸೀರೆ ತಕ್ಕೊಂಡು, ಬರ್ರಿ ಹೋಗ್ರಿ ಎಂದವರು ಮೊದಲ ಸಲ ಮಾತಾಡಿದೆವು. ಆಕೆಯೂ ಸಣ್ಣವಳಿದ್ದಾಗ ತಾಯಿಗೆ ಬೀಡಿ ಎಲೆ ಕತ್ತರಿಸಿಕೊಟ್ಟವಳು ಎಂದು ಅಲ್ಲಿ ಗೊತ್ತಾಯಿತು. ಇಬ್ಬರೂ ಕೈ ಚಾಚಿ ಬೆರಳಿನ ಹಳೆಯ ಕತ್ತರಿ ಗುರುತು ಹೋಲಿಸಿ ನೋಡಿದೆವು. ಆಕೆಯದು ದೊಡ್ಡದು. ಆ ವಿಷಯದಲ್ಲೂ ಬಿಟ್ಟುಕೊಡಲಿಲ್ಲ.

ಮೂರನೆಯ ದಿನ ರಕ್ತ ನೋಡಿ, ಇಳಿದಿದೆ, ಮನೆಗೆ ಹೋಗಿ ಎಂದರು. ಕೂಸಿಗೆ ಮತ್ತೆ ಮತ್ತೆ ಹಾಲು ಕುಡಿಸಬೇಕು, ಕಣ್ಣಿನ ಬಿಳಿ ನೋಡುತ್ತಿರಬೇಕು, ಉಚ್ಚೆ ಮಾಡಿದರೆ ಅರಿವೆಗೆ ಹಳದಿ ಕಲೆ ಹಿಡಿಯುತ್ತದೆಯೋ ಹೇಗೆ ನೋಡಬೇಕು, ಹಿಡಿದರೆ ತಕ್ಷಣ ತಿರುಗಿ ಬರಬೇಕು ಎಂದು ಡಾಕ್ಟರಬಾಯಿ ಹೇಳಿ ಕಳಿಸಿದಳು.

ಮಾರುತಿ ಜೀಪು ತರಲು ಹೋದ. ಸುನೀತಾ ಕೂಸನ್ನು ಸೆರಗು ಹಾಸಿದ ನನ್ನ ತೊಡೆಯ ಮೇಲೆ ಮಲಗಿಸಿದಳು. ಬೀಗತಿ ಮನೆಯಿಂದ ತರಿಸಿದ್ದ ಪೆಟ್ಟಿಗೆಯಿಂದ ಒಂದು ಹೊಸ ಬಿಳಿ ಧಾರವಾಡಿ ಸೀರೆ ತೆಗೆದು ನನಗೆ ಉಡಿಸಿದ್ದಳು. ನನ್ನದು ಮೂರು ದಿನದ್ದು, ಮಣೂಕದ ಜಿಗುಟಿನದ್ದು. ಹೊಸ ಸೀರೆ, ಬೆಳಗಿನ ಬಿಸಿಲು, ತೊಡೆಯ ಮೇಲೆ ಮುಷ್ಟಿ ಬಿಗಿದ ಒಂದು ಜೀವ. ಮುಖ ಬಗ್ಗಿಸಿ ನೋಡಿದೆ. ಬಣ್ಣ ಇಳಿದ ಹಾಗೆ ಕಂಡಿತು, ಆದರೆ ಆಸೆಯಿಂದ ನೋಡುವ ಕಣ್ಣನ್ನು ನಂಬಲು ಧೈರ್ಯ ಸಾಲದು. ಬೀಗತಿಯೂ ಬಗ್ಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಗ ತೊಡೆ ಬೆಚ್ಚಗಾಯಿತು.

ಹೊಸ ಸೀರೆ ಎಂದು ಬೀಗತಿ ಕೈ ಚಾಚಿದಳು. ತಡಿರಿ ಎಂದೆ. ಕೂಸನ್ನು ಆಕೆಯ ಕೈಗೆ ಕೊಟ್ಟು, ಒದ್ದೆಯಾದ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಬಿಸಿಲಿಗೆ ಹಿಡಿದೆ. ದವಾಖಾನೆಯ ಮಂದಿ ನಿಂತು ನೋಡಿದರು. ಹಿಡಿದೇ ನಿಂತೆ, ಅಂಚಿನಿಂದ ಅದು ಆರುತ್ತ ಬರುವ ತನಕ. ಕಲೆ ಇಲ್ಲ. ಬಾವಿಯ ನೀರು ಚೆಲ್ಲಿ ಆರಿದ ಹಾಗೆ, ಬಿಳಿ ಬಿಳಿಯಾಗಿಯೇ ಇತ್ತು.

"ನೋಡ್ರಿ ಬೀಗತಿ," ಎಂದು ಸೆರಗು ಆಕೆಯ ಮುಖಕ್ಕೇ ಹಿಡಿದೆ. "ಏನರೆ ಕಾಣತೈತೇನ್ರಿ?"

"ಏನೂ ಇಲ್ರಿ," ಎಂದಳು ಆಕೆ.

ಆ ವರಾಂಡದಲ್ಲಿ, ಉಚ್ಚೆಯ ಸೀರೆ ಹಿಡಿದುಕೊಂಡು, ನಾವಿಬ್ಬರು ಮುದುಕಿಯರು ನಕ್ಕ ನಗುವಿಗೆ ಡಾಕ್ಟರಬಾಯಿ ಹೊರಗೆ ಬಂದು ನೋಡಿದಳು. ಬೀಗತಿಯ ಕೈಯಲ್ಲಿದ್ದ ಕೂಸು ಆ ಗದ್ದಲಕ್ಕೆ ಎಚ್ಚೆತ್ತು, ಹುಬ್ಬು ಗಂಟಿಕ್ಕಿ, ದೊಡ್ಡದಾಗಿ ಕಣ್ಣು ತೆರೆಯಿತು.